24 ಸ್ವಿಚ್‌ಗಳ ರಿಂಗ್: ಫರ್ಮ್‌ವೇರ್ ಮುಟ್ಟುವ ಮುಂಚೆ ಇವನ್ನು ನೋಡಿ

ಸರ್, ಪೀಣ್ಯದ ನಿಮ್ಮ ಪ್ಲಾಂಟ್‌ನಲ್ಲಿ 24 ನೆಟ್‌ವರ್ಕ್ ಸ್ವಿಚ್‌ಗಳ ರಿಂಗ್ ಆರ್‌ಎಸ್‌ಟಿಪಿ (ಲೂಪ್ ಆಗದಂತೆ ಒಂದು ದಾರಿ ಮುಚ್ಚಿಟ್ಟು, ಕೇಬಲ್ ಹೋದಾಗ ತೆರೆಯುವ ಸ್ಪ್ಯಾನಿಂಗ್ ಟ್ರೀ ಪದ್ಧತಿ) ಮೇಲಿದೆ, ಒಂದು ಕಡೆ ಕೇಬಲ್ ಎಳೆದರೆ ತಾಳುತ್ತೆ, ಇನ್ನೊಂದು ಕಡೆ ಎಳೆದರೆ ಕೊನೆಯ ಸ್ವಿಚ್‌ಗಳು ಕಳಚಿಕೊಳ್ಳುತ್ತವೆ ಅಂದ್ರಿ. ಎಲ್ಲಿ ಎಳೆದರೂ ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ಫಾಲ್ಟ್‌ಗೆ ಹೋಗುತ್ತೆ, ಕ್ಯಾಮೆರಾ ನಾಲ್ಕೈದು ನಿಮಿಷಕ್ಕೆ ನಿಲ್ಲುತ್ತೆ, ಕರೆಂಟ್ ಹೋಗಿ ಬಂದರೆ ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ) ಸೆಟ್ಟಿಂಗ್ ಮಾಯ. ಹೊಸ ಫರ್ಮ್‌ವೇರ್ (ಸ್ವಿಚ್‌ನೊಳಗಿನ ಸಾಫ್ಟ್‌ವೇರ್) ಹಾಕಿದರೆ ಇವು ಹೋಗುತ್ತವೆಯಾ ಅಂತ ನಿಮ್ಮ ಪ್ರಶ್ನೆ. ಹೋಗಲ್ಲ. ನಾಲ್ಕೂ ಬಗ್ ಅಲ್ಲ, ಮೊದಲಿಂದ ಇರುವ ಮಿತಿಗಳು. ಸೆಟ್ಟಿಂಗ್‌ನಲ್ಲೇ ಸರಿಮಾಡಬೇಕು.

ಮೊದಲು ರಿಂಗ್. ಆರ್‌ಎಸ್‌ಟಿಪಿಯ ಬಿಪಿಡಿಯು (ಸ್ವಿಚ್‌ಗಳು ಪರಸ್ಪರ ಕಳಿಸುವ ಸಂದೇಶ) ರೂಟ್‌ನಿಂದ, ಅಂದರೆ ಮುಖ್ಯ ಸ್ವಿಚ್‌ನಿಂದ, ಹೊರಟು ಒಂದೊಂದು ಸ್ವಿಚ್ ದಾಟಿದಾಗಲೂ ಅದರ ಮೆಸೇಜ್ ಏಜ್ ಒಂದು ಏರುತ್ತೆ. ಅದರ ಮಿತಿ, ಮ್ಯಾಕ್ಸ್ ಏಜ್, ಡೀಫಾಲ್ಟ್ 20. ಅಂದರೆ ರೂಟ್‌ನಿಂದ 20 ಹಾಪ್ (ಸ್ವಿಚ್‌ನಿಂದ ಸ್ವಿಚ್‌ಗೆ ಒಂದು ಹೆಜ್ಜೆ) ಆಚೆಗಿನ ಸ್ವಿಚ್ ಆ ಮಾಹಿತಿಯನ್ನು ಒಪ್ಪುವುದೇ ಇಲ್ಲ. ರಿಂಗ್ ಪೂರ್ತಿ ಇದ್ದಾಗ ಅತಿ ದೂರದ ಸ್ವಿಚ್ ಬರೀ 12 ಹಾಪ್, ತೊಂದರೆಯಿಲ್ಲ. ರೂಟ್‌ಗೆ ಎದುರಿನ ಕಡೆ ಕೇಬಲ್ ಎಳೆದರೂ 11, 12 ಹಾಪ್‌ನ ಎರಡು ಕವಲಾಗುತ್ತೆ, ಟೆಸ್ಟ್ ಪಾಸ್. ಆದರೆ ರೂಟ್‌ನ ಪಕ್ಕದ ಕೇಬಲ್ ಎಳೆಯಿರಿ: ಇಡೀ ರಿಂಗ್ 23 ಹಾಪ್‌ನ ಒಂದೇ ಉದ್ದ ಸಾಲು, ಕೊನೆಯ ಮೂರು ಸ್ವಿಚ್‌ಗಳಿಗೆ ರೂಟ್ ಗೊತ್ತೇ ಆಗಲ್ಲ. ಕಮಿಷನಿಂಗ್ ದಿನ ಮಧ್ಯದ ಕೇಬಲ್ ಮಾತ್ರ ಎಳೆದು ನೋಡಿ ಸಹಿ ಹಾಕಿಸಿಕೊಂಡು ಹೋಗುವುದು ಬಹಳ ಕಡೆ ನಡೆಯುತ್ತೆ, ಅದು ತಪ್ಪು. ರೂಟ್‌ನ ಎರಡೂ ಪಕ್ಕದ ಕೇಬಲ್ ಎಳೆದೇ ನೋಡಬೇಕು.

ಪರಿಹಾರ: ಮ್ಯಾಕ್ಸ್ ಏಜ್ 40 ಮಾಡಿ, ಅದೇ ಗರಿಷ್ಠ. ಫಾರ್ವರ್ಡ್ ಡಿಲೇ (ಪೋರ್ಟ್ ತೆರೆಯುವ ಮುಂಚೆ ಕಾಯುವ ಸೆಕೆಂಡ್) 15ರಲ್ಲೇ ಬಿಟ್ಟರೆ ಸ್ವಿಚ್ ಒಪ್ಪಲ್ಲ. ಡಿಲೇಯಿಂದ ಒಂದು ಕಳೆದು ಎರಡರಿಂದ ಗುಣಿಸಿದರೆ ಮ್ಯಾಕ್ಸ್ ಏಜ್‌ಗಿಂತ ಕಮ್ಮಿ ಬರಬಾರದು, ಹಾಗಾಗಿ 21 ಹಾಕಿ. ಟೈಮರ್ ಎಲ್ಲರಿಗೂ ರೂಟ್‌ನಿಂದಲೇ ಹೋಗುತ್ತೆ, ಆದರೂ ಬ್ಯಾಕಪ್ ರೂಟ್‌ನಲ್ಲೂ ಇದೇ ಅಂಕಿ ಇರಲಿ. ಇಲ್ಲದಿದ್ದರೆ ರೂಟ್ ಸತ್ತ ದಿನ ಹಳೇ ಕಥೆ ವಾಪಸ್. ರೂಟ್‌ಗೆ ಪ್ರಯಾರಿಟಿ 4096, ಬ್ಯಾಕಪ್‌ಗೆ 8192 ಕೊಟ್ಟು, ಎರಡನ್ನೂ ರಿಂಗ್‌ನಲ್ಲಿ ಎದುರುಬದುರು ಇಡಿ. ಪಿಎಲ್‌ಸಿ, ಎಚ್‌ಎಂಐ (ಆಪರೇಟರ್ ಸ್ಕ್ರೀನ್), ಕ್ಯಾಮೆರಾ ಪೋರ್ಟ್‌ಗಳನ್ನು ಎಡ್ಜ್ (ಆಚೆ ಬೇರೆ ಸ್ವಿಚ್ ಇಲ್ಲದ ಪೋರ್ಟ್) ಮಾಡಿ, ಇಲ್ಲವಾದರೆ ಲಿಂಕ್ ಬಂದಾಗಲೆಲ್ಲ ಆ ಪೋರ್ಟ್ ಎರಡು ಫಾರ್ವರ್ಡ್ ಡಿಲೇ, ಅಂದರೆ 42 ಸೆಕೆಂಡ್ ಕಾಯುತ್ತೆ.

ಇಷ್ಟಾದರೂ ಪಿಎಲ್‌ಸಿ ಫಾಲ್ಟ್ ನಿಲ್ಲಲ್ಲ. ಪ್ರೊಫಿನೆಟ್‌ನಲ್ಲಿ (ಪಿಎಲ್‌ಸಿ ತನ್ನ ಸಾಧನಗಳ ಜೊತೆ ಮಾತಾಡುವ ನೆಟ್‌ವರ್ಕ್ ಭಾಷೆ) ಅಪ್‌ಡೇಟ್ ಟೈಮ್ 2 ಮಿಲಿಸೆಕೆಂಡ್, ವಾಚ್‌ಡಾಗ್ (ಡೇಟಾ ಬಾರದಿದ್ದರೆ ಕಾಯುವ ಮಿತಿ) 3 ಸೈಕಲ್ ಇದ್ದರೆ 6 ಮಿಲಿಸೆಕೆಂಡ್‌ಗೆ ಸಂಪರ್ಕ ಕಡಿದು ಹೋಗುತ್ತೆ. ಆರ್‌ಎಸ್‌ಟಿಪಿ ಅಷ್ಟು ಬೇಗ ಚೇತರಿಸಿಕೊಳ್ಳುವ ಮಾತೇ ಇಲ್ಲ. ಎಲ್ಲಾ 24 ಸ್ವಿಚ್‌ಗಳಲ್ಲೂ ಎಂಆರ್‌ಪಿ (ರಿಂಗ್‌ಗೆಂದೇ ಇರುವ ಪದ್ಧತಿ) ಇದ್ದರೆ ಅದಕ್ಕೇ ಹೋಗಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. 50 ಸ್ವಿಚ್‌ವರೆಗೆ, ಗರಿಷ್ಠ 200 ಮಿಲಿಸೆಕೆಂಡ್ ಚೇತರಿಕೆ. ರಿಂಗ್‌ನ ಒಂದು ಕೇಬಲ್ ಬಿಚ್ಚಿಟ್ಟುಕೊಂಡೇ ಶುರು ಮಾಡಿ. ಒಂದೇ ಸ್ವಿಚ್ ಮ್ಯಾನೇಜರ್, ಉಳಿದವು ಕ್ಲೈಂಟ್, ರಿಂಗ್ ಪೋರ್ಟ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆಫ್. ಎಲ್ಲ ಮುಗಿದ ಮೇಲೆ ಕೇಬಲ್ ಸೇರಿಸಿ. ಮೊದಲೇ ಸೇರಿಸಿದ್ದರೆ ಸ್ಪ್ಯಾನಿಂಗ್ ಟ್ರೀ ಆಫ್ ಆದ ಗಳಿಗೆಯಲ್ಲೇ ಲೂಪ್ ಎದ್ದು ಲೈನ್ ಪೂರ್ತಿ ನಿಲ್ಲುತ್ತೆ. ಜೊತೆಗೆ ವಾಚ್‌ಡಾಗ್ ಸಮಯ 200 ದಾಟಬೇಕು: 64 ಮಿಲಿಸೆಕೆಂಡ್, 4 ಸೈಕಲ್ ಕೊಟ್ಟರೆ 256. ಅಷ್ಟು ತಡ ತಡೆಯದ ಯಂತ್ರವಿದ್ದರೆ ರಿಂಗ್ ಬೇಡ, ಎರಡು ಪ್ರತ್ಯೇಕ ನೆಟ್‌ವರ್ಕ್ ಎಳೆದು ಪಿಆರ್‌ಪಿ (ಒಂದೇ ಡೇಟಾವನ್ನು ಎರಡೂ ದಾರಿಯಲ್ಲಿ ಕಳಿಸುವ ಪದ್ಧತಿ) ಹಾಕಬೇಕು, ಖರ್ಚು ಬೇರೆ ಮಟ್ಟದ್ದು.

ಕ್ಯಾಮೆರಾದ್ದು ಹೆಚ್ಚೂಕಮ್ಮಿ ಖಚಿತ: ಐಜಿಎಂಪಿ ಸ್ನೂಪಿಂಗ್ (ಕ್ಯಾಮೆರಾ ಚಿತ್ರವನ್ನು ಕೇಳಿದ ಪೋರ್ಟ್‌ಗೆ ಮಾತ್ರ ಕಳಿಸುವುದು) ಆನ್ ಇದೆ, ಕ್ವೆರಿಯರ್ (ಯಾರಿಗೆ ಬೇಕು ಅಂತ ಆಗಾಗ ಕೇಳುವ ಸ್ವಿಚ್) ಇಲ್ಲ. ಯಾರೂ ಕೇಳದಿದ್ದರೆ ಡೀಫಾಲ್ಟ್ ಟೈಮರ್‌ಗಳಲ್ಲಿ 260 ಸೆಕೆಂಡ್‌ಗೆ ಗುಂಪಿನ ನಮೂದು ಅಳಿಸಿಹೋಗುತ್ತೆ. ವ್ಯೂವರ್ ಮುಚ್ಚಿ ತೆರೆದಾಗ ಚಿತ್ರ ಮತ್ತೆ ಬಂದು, 4 ನಿಮಿಷ 20 ಸೆಕೆಂಡ್ ಹೊತ್ತಿಗೆ ನಿಂತರೆ ಅನುಮಾನವೇ ಬೇಡ. ರೂಟ್ ಸ್ವಿಚ್‌ಗೆ ಕ್ಯಾಮೆರಾ ವಿಲ್ಯಾನ್‌ನಲ್ಲಿ ಒಂದು ಐಪಿ ಕೊಟ್ಟು ಕ್ವೆರಿಯರ್ ಆನ್ ಮಾಡಿ, ಬ್ಯಾಕಪ್‌ನಲ್ಲೂ ಮಾಡಿ. ಸಣ್ಣ ಐಪಿ ಇರುವುದೇ ಕ್ವೆರಿಯರ್ ಆಗುತ್ತೆ. ಸ್ನೂಪಿಂಗ್ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕ್ಯಾಮೆರಾ ಟ್ರಾಫಿಕ್ ಆ ವಿಲ್ಯಾನ್‌ನ ಎಲ್ಲ ಪೋರ್ಟ್‌ಗಳಿಗೂ ನುಗ್ಗುತ್ತೆ, ಪಿಎಲ್‌ಸಿಗಳ 100 ಎಂಬಿಪಿಎಸ್ ಪೋರ್ಟ್ ಅದರಲ್ಲಿದ್ದರೆ ಅದಕ್ಕೂ.

ಸೆಟ್ಟಿಂಗ್ ಮಾಯವಾಗುವುದಕ್ಕೆ ಕಾರಣ ಸರಳ. ಅಪ್ಲೈ ಒತ್ತಿದರೆ ರನ್ನಿಂಗ್ ಕಾನ್ಫಿಗ್ (ಈಗ ನಡೆಯುತ್ತಿರುವ ಸೆಟ್ಟಿಂಗ್) ಮಾತ್ರ ಬದಲಾಗುತ್ತೆ, ಸ್ಟಾರ್ಟಪ್‌ಗೆ (ಆನ್ ಆದಾಗ ಓದುವ ಪ್ರತಿಗೆ) ಬೇರೆಯಾಗಿ ಸೇವ್ ಮಾಡಬೇಕು. ಇದನ್ನು ಉಪಯೋಗಕ್ಕೂ ತಿರುಗಿಸಿಕೊಳ್ಳಬಹುದು: ಅಪಾಯದ ಬದಲಾವಣೆ ಮಾಡುವಾಗ ಸೇವ್ ಮಾಡದೆ ಬಿಡಿ, ಸ್ವಿಚ್ ಕೈತಪ್ಪಿದರೆ ಪವರ್ ತೆಗೆದು ಹಾಕಿದರೆ ಹಳೆಯದು ವಾಪಸ್. ಎಲ್ಲ ಸರಿಯಿದೆ ಅನ್ನಿಸಿದ ಮೇಲೆ ಸೇವ್ ಮಾಡಿ, ಫೈಲ್ ಒಂದನ್ನು ಲ್ಯಾಪ್‌ಟಾಪ್‌ಗೂ ಇಳಿಸಿಕೊಳ್ಳಿ.

ಮುಂದೆ ಫರ್ಮ್‌ವೇರ್ ಹಾಕಲೇಬೇಕಾದರೆ ಲ್ಯಾಪ್‌ಟಾಪ್‌ನಿಂದ ಅತಿ ದೂರದ ಸ್ವಿಚ್‌ನಿಂದ ಶುರು ಮಾಡಿ, ಒಂದು ಎದ್ದು ರಿಂಗ್ ಸರಿಯಾದ ಮೇಲೇ ಮುಂದಿನದು. ಎರಡು ಒಟ್ಟಿಗೆ ರೀಬೂಟ್ ಆದರೆ ಅವುಗಳ ನಡುವಿನವೆಲ್ಲ ದ್ವೀಪ. ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪ್‌ನಿಂದ ನೇರ ಸ್ವಿಚ್‌ಗೆ ಹಾಕುವುದು) ಕೈಯಲ್ಲಿರಲಿ, ಯುಎಸ್‌ಬಿ ಸೀರಿಯಲ್ ಕೇಬಲ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತೆ. ಆದರೆ ಸ್ವಿಚ್ ಕಡೆಯ ಪಿನ್‌ಔಟ್ ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ.

ಮ್ಯಾಕ್ಸ್ ಏಜ್ ಬದಲಿಸಿದ ಮೇಲೂ ಸ್ವಿಚ್‌ಗಳು ಕಳಚಿಕೊಂಡರೆ ರಿಂಗ್ ಪೋರ್ಟ್‌ಗಳ ಸಿಆರ್‌ಸಿ ಎರರ್ (ಕೆಟ್ಟುಬಂದ ಡೇಟಾದ ಎಣಿಕೆ), ಡ್ಯೂಪ್ಲೆಕ್ಸ್ (ಒಟ್ಟಿಗೆ ಕಳಿಸಿ ಪಡೆದರೆ ಫುಲ್, ಸರದಿಯಾದರೆ ಹಾಫ್) ಎರಡರ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ಒಂದು ಕಡೆ ಆಟೋ, ಇನ್ನೊಂದು ಕಡೆ 100 ಫುಲ್ ಅಂತ ಫಿಕ್ಸ್ ಮಾಡಿದ್ದರೆ ಆಟೋ ಇರುವ ಕಡೆ ಹಾಫ್‌ಗೆ ಇಳಿದಿರುತ್ತೆ.