ನಿದ್ದೆಯಲ್ಲಿ ಕೈಕಾಲು ಬೀಸುವುದು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಓದುಗರೆ,

ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗಾಗಿ ಇಲ್ಲಿ ಕೊಡುತ್ತಿದ್ದೇನೆ. ಅರವತ್ತೇಳು ವರ್ಷದ ನಿಮ್ಮ ಯಜಮಾನರು ಎರಡು ವರ್ಷಗಳಿಂದ ಬೆಳಗಿನ ಜಾವದ ನಿದ್ದೆಯಲ್ಲಿ ಕೂಗುತ್ತಾರೆ, ಒದೆಯುತ್ತಾರೆ. ಕಳೆದ ತಿಂಗಳು ತೋಟಕ್ಕೆ ನುಗ್ಗಿದ ಹಂದಿಯನ್ನು ಅಟ್ಟುವ ಕನಸಿನಲ್ಲಿ ಅವರು ಬೀಸಿದ ಕೈ ನಿಮ್ಮ ಕೆನ್ನೆಗೆ ಬಿದ್ದಿದೆ. ಎಬ್ಬಿಸಿದ ಕೂಡಲೇ ಕನಸನ್ನು ಪೂರ್ತಿ ಹೇಳಿದ್ದಾರೆ. ಮನೆಯ ಹಿರಿಯರು ತಾಯಿತ ಕಟ್ಟಿಸಿದ್ದಾರೆ. ವೃದ್ಧರ ನಿದ್ರಾದೋಷವು ಮಿದುಳಿನ ಕಾಯಿಲೆಯ ಮುನ್ಸೂಚನೆ ಎಂದು ಪತ್ರಿಕೆಯೊಂದರಲ್ಲಿ ಓದಿದ ನೀವು, ಇದು ನಿಜವೇ, ನಿಜವಾದರೆ ಅವರಿಗೆ ತಿಳಿಸಬೇಕೇ ಎಂದು ಕೇಳಿದ್ದೀರಿ.

ಆ ಮಾತು ಎಲ್ಲ ಬಗೆಯ ನಿದ್ದೆಗೇಡಿಗೂ ಒಂದೇ ಸಮನಾಗಿ ಅನ್ವಯಿಸುವುದಿಲ್ಲ. ವಯಸ್ಸಾದಂತೆ ನಿದ್ದೆ ತೆಳುವಾಗುವುದು, ನಸುಕಿಗೇ ಎಚ್ಚರವಾಗುವುದು ಬಹುಮಟ್ಟಿಗೆ ಸಹಜ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನದ 2021ರ ವರದಿಯಲ್ಲಿ, ಐವತ್ತರಿಂದ ಎಪ್ಪತ್ತರ ವಯಸ್ಸಿನವರೆಗೂ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ ಡಿಮೆನ್ಶಿಯಾದ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಂದುತ್ತಾ ಹೋಗುವ ಸ್ಥಿತಿಯ, ಸಂಭವ ಸುಮಾರು ಶೇ 30ರಷ್ಟು ಹೆಚ್ಚಾಗಿ ಕಂಡಿತು. ಆದರೆ ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯೇ ಮರೆವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲು ನಿದ್ದೆಯನ್ನು ಕೆಡಿಸಬಲ್ಲದು. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಅಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ನೀವು ವಿವರಿಸಿರುವುದು ಬೇರೆಯ ಸಂಗತಿ, ಮತ್ತು ಹೆಚ್ಚು ಗಂಭೀರವಾಗಿ ನೋಡಬೇಕಾದದ್ದು. ಕಣ್ಣಾಲಿಗಳು ಚುರುಕಾಗಿ ಹೊರಳುವ, ಕನಸುಗಳು ದಟ್ಟವಾಗಿರುವ ನಿದ್ದೆಯ ಘಟ್ಟವನ್ನು ರೆಮ್ ನಿದ್ರೆ ಎನ್ನುತ್ತಾರೆ. ಇದು ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಆ ಹೊತ್ತಿನಲ್ಲಿ ಮಿದುಳುಕಾಂಡದ ಒಂದು ಸಣ್ಣ ಜೀವಕೋಶ ಸಮೂಹವು ಕೈಕಾಲಿನ ಸ್ನಾಯುಗಳನ್ನು ಸಡಿಲಗೊಳಿಸಿಡುವುದರಿಂದ ಕನಸಿನಲ್ಲಿ ಎಷ್ಟು ಓಡಿದರೂ ನಾವು ಹಾಸಿಗೆಯಲ್ಲೇ ಇರುತ್ತೇವೆ. 1965ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ನಿದ್ರಾ ವಿಜ್ಞಾನಿ ಮಿಷೆಲ್ ಜುವೆ ಬೆಕ್ಕುಗಳಲ್ಲಿ ಈ ಭಾಗವನ್ನು ಘಾಸಿಗೊಳಿಸಿದಾಗ, ಅವು ನಿದ್ದೆಯಲ್ಲಿಯೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗಿದವು. ಮನುಷ್ಯರಲ್ಲಿ ಇದೇ ಸ್ಥಿತಿಯನ್ನು 1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ವರದಿ ಮಾಡಿದರು. ವೈದ್ಯರು ಇದನ್ನು ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, ಚಿಕ್ಕದಾಗಿ ಆರ್‌ಬಿಡಿ ಎನ್ನುತ್ತಾರೆ.

ಅದೇ ವೈದ್ಯರ ತಂಡ ಆರ್‌ಬಿಡಿ ಇದ್ದ, ಐವತ್ತು ದಾಟಿದ 29 ಗಂಡಸರನ್ನು ಗಮನಿಸುತ್ತಾ ಹೋಯಿತು. 1996ರ ಹೊತ್ತಿಗೆ ಅವರಲ್ಲಿ 11 ಮಂದಿಗೆ ಪಾರ್ಕಿನ್ಸನ್ ಬಗೆಯ, ಅಂದರೆ ಕೈಕಾಲು ನಡುಗುವ, ಚಲನೆ ನಿಧಾನವಾಗುವ ಕಾಯಿಲೆ ಬಂದಿತ್ತು. 2013ರ ವರದಿಯಲ್ಲಿ, ಲೆಕ್ಕಕ್ಕೆ ಉಳಿದ 26 ಮಂದಿಯಲ್ಲಿ 21 ಮಂದಿಗೆ ಪಾರ್ಕಿನ್ಸನ್ ಬಗೆಯ ಕಾಯಿಲೆ ಇಲ್ಲವೇ ಡಿಮೆನ್ಶಿಯಾ ಇತ್ತು. 24 ಕೇಂದ್ರಗಳ 1,280 ರೋಗಿಗಳನ್ನು ಒಳಗೊಂಡ 2019ರ ಅಧ್ಯಯನವು, ಇಂಥವರಲ್ಲಿ ವರ್ಷಕ್ಕೆ ಸುಮಾರು ಶೇ 6ರಷ್ಟು ಮಂದಿಯಲ್ಲಿ ಕಾಯಿಲೆ ಪ್ರಕಟವಾಗುತ್ತದೆ ಎಂದು ತೋರಿಸಿತು. ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಮಿದುಳುಕಾಂಡದ ಕೆಳಭಾಗದಲ್ಲಿ ಮೊದಲು ಗಂಟುಕಟ್ಟಿ ಕ್ರಮೇಣ ಮೇಲೇರುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ನಿದ್ದೆಯನ್ನು ಕಾಯುವ ಭಾಗ ನಡಿಗೆಯನ್ನು ಆಳುವ ಭಾಗಕ್ಕಿಂತ ಮೊದಲು ಅದರ ದಾರಿಗೆ ಸಿಗುತ್ತದೆ. ಎಲ್ಲರಲ್ಲೂ ಇದೇ ಕ್ರಮ ಕಾಣುವುದಿಲ್ಲ ಎಂಬ ತಕರಾರೂ ಇದೆ.

ಇಷ್ಟನ್ನು ಓದಿ ನಿಮ್ಮ ಯಜಮಾನರಿಗೆ ಪಾರ್ಕಿನ್ಸನ್ ಬರುತ್ತದೆಂದು ದಯವಿಟ್ಟು ತೀರ್ಮಾನಿಸಬೇಡಿ. ಪತ್ರದಿಂದ ರೋಗ ಗುರುತಿಸುವ ಅಧಿಕಾರ ನನಗಿಲ್ಲ, ಪತ್ರಿಕೆಗಳು ಆ ಚಪಲಕ್ಕೆ ಬೀಳಲೂಬಾರದು. ಉಸಿರು ಕಟ್ಟಿ ಗೊರಕೆ ಹೊಡೆಯುವ ಸ್ಲೀಪ್ ಆಪ್ನಿಯಾ ಇರುವವರೂ ಹೀಗೆಯೇ ಕೈಕಾಲು ಬಡಿಯುವುದುಂಟು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆರ್‌ಬಿಡಿ ಕಾಣಿಸಿಕೊಳ್ಳಬಹುದು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಮಲಗಿಸಿ ಮಿದುಳು, ಸ್ನಾಯು, ಉಸಿರಾಟಗಳನ್ನು ದಾಖಲಿಸುವ ಪಾಲಿಸೋಮ್ನೋಗ್ರಫಿಯಿಂದ ಮಾತ್ರ ಖಚಿತವಾಗಿ ಹೇಳಲು ಸಾಧ್ಯ. ಜೊತೆಗೆ, ಹಾಲು ಸೀದ ವಾಸನೆ ಅವರ ಮೂಗಿಗೆ ತಿಳಿಯುತ್ತದೆಯೇ, ಮಲಬದ್ಧತೆ ಇದೆಯೇ, ಎದ್ದು ನಿಂತಾಗ ತಲೆ ತಿರುಗುತ್ತದೆಯೇ, ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿದೆಯೇ ಎಂಬುದನ್ನೂ ಗಮನಿಸಿಡಿ.

ಮುಂದಿನ ಕಾಯಿಲೆಯನ್ನು ತಡೆಯುತ್ತದೆಂದು ಸಾಬೀತಾದ ಔಷಧಿ ಇಂದಿಗೂ ಇಲ್ಲ. ರಾತ್ರಿಯ ಹೊಡೆತಗಳನ್ನು ತಗ್ಗಿಸಲು ಮೆಲಟೋನಿನ್ ಅಥವಾ ಕ್ಲೋನಜೆಪಾಮ್ ಕೊಡುತ್ತಾರೆ. ಎರಡನೆಯದು ವೃದ್ಧರಲ್ಲಿ ಮಂಪರಿಗೂ ಬೀಳುವುದಕ್ಕೂ ಕಾರಣವಾಗಬಹುದಾದ್ದರಿಂದ ಅಂಗಡಿಯಿಂದ ತಾನಾಗಿ ತಂದು ನುಂಗುವ ಮಾತ್ರೆಯಲ್ಲ. ತಾಯಿತ ಇದ್ದರೆ ಇರಲಿ, ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ. ಆದರೆ ಇಂದು ರಾತ್ರಿಯಿಂದಲೇ ನೀವು ಬೇರೆ ಮಂಚದಲ್ಲಿ ಮಲಗಿ, ಅವರ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಕೈಗೆ ಸಿಗುವ ಕತ್ತಿ, ಗಾಜಿನ ಲೋಟ, ಮೊನಚು ಅಂಚಿನ ಸ್ಟೂಲುಗಳನ್ನು ಕೋಣೆಯಿಂದ ಆಚೆ ಇಡಿ.

ಇನ್ನು ಅವರಿಗೆ ಹೇಳಬೇಕೇ ಎಂಬ ಪ್ರಶ್ನೆ. ಗಾಬರಿಯಾದಾರು ಎಂದು ರೋಗಿಯೊಬ್ಬನನ್ನು ಬಿಟ್ಟು ಮನೆಮಂದಿಗೆಲ್ಲ ವಿಷಯ ತಿಳಿಸುವ ನಮ್ಮ ರೂಢಿ ನನಗೆ ಒಪ್ಪಿಗೆಯಿಲ್ಲ. ತೋಟದ ವ್ಯವಹಾರ, ಆಸ್ತಿಪತ್ರ, ಮಕ್ಕಳ ಜೊತೆಗಿನ ಮಾತುಕತೆಗಳನ್ನು ಬುದ್ಧಿ ಚುರುಕಾಗಿರುವಾಗಲೇ ಮಾಡಿಕೊಳ್ಳುವ ಅವಕಾಶವನ್ನು ಅವರಿಂದ ಕಸಿಯಲು ಯಾರಿಗೂ ಹಕ್ಕಿಲ್ಲ. ಹಾಗೆಂದು ಪರೀಕ್ಷೆಗೆ ಮೊದಲೇ ಪಾರ್ಕಿನ್ಸನ್ ಎಂಬ ಹೆಸರನ್ನು ಅವರ ಮುಂದಿಡುವ ಅಗತ್ಯವೂ ಇಲ್ಲ. "ನಿದ್ದೆಯಲ್ಲಿ ನನಗೆ ಪೆಟ್ಟಾಗುತ್ತಿದೆ, ಡಾಕ್ಟರಿಗೆ ತೋರಿಸೋಣ" ಎಂದರೆ ಸಾಕು, ಅದು ನಿಜವೂ ಹೌದು. ಎಷ್ಟು ತಿಳಿಯಬೇಕೆಂಬುದನ್ನು ಫಲಿತಾಂಶ ಬಂದ ಮೇಲೆ ಅವರೇ ವೈದ್ಯರಿಗೆ ಹೇಳಲಿ.

ಮೊದಲು ಹತ್ತಿರದ ನರರೋಗ ತಜ್ಞರನ್ನು ಕಾಣಿರಿ. ಅವರು ಬರೆದುಕೊಟ್ಟರೆ ನಿದ್ರೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಯಜಮಾನರನ್ನು ಒಬ್ಬರನ್ನೇ ಕಳುಹಿಸಬೇಡಿ: ನಿದ್ದೆಯಲ್ಲಿ ತಾವು ಏನು ಮಾಡುತ್ತೇವೆಂಬುದು ಅವರಿಗೆ ಗೊತ್ತಿರುವುದಿಲ್ಲ, ವೈದ್ಯರು ಕೇಳುವುದು ನಿಮ್ಮನ್ನೇ. ಯಜಮಾನರು ಒಪ್ಪಿದರೆ ಒಂದೆರಡು ರಾತ್ರಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಹೋಗಿರಿ.

— ಸಂಪಾದಕ