ಟ್ರಕ್ಕಿನ ಹಿಂಭಾಗ ಕುಸಿದಿದ್ದಕ್ಕೆ ಸಾಮಾನು ಹಿಂದಕ್ಕೆ ಸಾಗಿಸಬೇಡಿ

ಸರ್, ನೀವು ಹಾಕಿದ ಫೋಟೋ ನೋಡಿ ಸುಮ್ಮನಿರಲು ಆಗಲಿಲ್ಲ. ಫೋರ್ಡ್ ಎಫ್-150 ಪಿಕಪ್ ಟ್ರಕ್ಕು, ಹಿಂದೆ 28 ಅಡಿ ಕ್ಯಾಂಪಿಂಗ್ ಟ್ರೈಲರ್, ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿದೆ. ಪಕ್ಕದಲ್ಲಿ ಸೆಮಿ (ದೊಡ್ಡ ಸರಕು ಲಾರಿ) ಹೋದಾಗಲೆಲ್ಲ ಟ್ರೈಲರ್ ಬಾಲ ಆಡಿಸುತ್ತೆ ಅಂತ ಬರೆದಿದ್ದೀರಿ. ಅದಕ್ಕೆ ನೀವು ಯೋಚಿಸಿರುವ ಪರಿಹಾರ: ಟ್ರೈಲರಿನ ಮುಂದಿನ ಪಾಸ್-ಥ್ರೂ ಸ್ಟೋರೇಜಿನ ಸಾಮಾನೆಲ್ಲ ಹಿಂದಿನ ಬಂಕಿನ ಕೆಳಗೆ, ನಾಲ್ಕು ಸೈಕಲ್ಲು ಹಿಂದಿನ ಬಂಪರಿಗೆ, ಜೊತೆಗೆ ಟ್ರಕ್ಕಿನ ಹಿಂದಿನ ಸ್ಪ್ರಿಂಗಿಗೆ ಆಸರೆಯಾಗುವ ಏರ್ ಬ್ಯಾಗ್. ಮೊದಲನೆಯ ಎರಡನ್ನು ದಯವಿಟ್ಟು ಮಾಡಬೇಡಿ. ಏರ್ ಬ್ಯಾಗಿನ ಮಾತು ಆಮೇಲೆ.

ಹಾಗೆ ಮಾಡಿದರೆ ಟ್ರಕ್ಕು ನೆಟ್ಟಗೆ ನಿಲ್ಲುತ್ತೆ, ನೋಡಲು ಚೆನ್ನಾಗಿರುತ್ತೆ, ಆದರೆ ಟ್ರೈಲರ್ ಮೊದಲಿಗಿಂತ ಅಪಾಯ. ಲೆಕ್ಕ ನೋಡಿ. ಹಿಚ್ ಬಾಲಿನಿಂದ (ಟ್ರಕ್ಕಿನ ಹಿಂದೆ ಟ್ರೈಲರ್ ಕೂರುವ ಗುಂಡಿನಿಂದ) ಟ್ರೈಲರ್ ಆಕ್ಸಲ್‌ಗೆ 18 ಅಡಿ ಅಂದುಕೊಳ್ಳಿ. 250 ಪೌಂಡ್ ಸಾಮಾನು 20 ಅಡಿ ಹಿಂದಕ್ಕೆ ಹೋದರೆ ಟಂಗ್ ವೇಯ್ಟಿನಲ್ಲಿ, ಅಂದರೆ ಟ್ರೈಲರಿನ ಮೂತಿ ಬಾಲಿನ ಮೇಲೆ ಹೇರುವ ಭಾರದಲ್ಲಿ, ಸುಮಾರು 280 ಪೌಂಡ್ ಇಳಿಯುತ್ತೆ. ರ‍್ಯಾಕ್ ಸೇರಿ 180 ಪೌಂಡಿನ ಸೈಕಲ್ಲುಗಳು ಆಕ್ಸಲ್‌ನಿಂದ 12 ಅಡಿ ಹಿಂದೆ ನೇತಾಡಿದರೆ ಇನ್ನೊಂದು 120. ನಿಮ್ಮ ಟಂಗ್ 960 ಇದ್ದಿದ್ದರೆ 560ಕ್ಕೆ ಬಂತು. 7,500 ಪೌಂಡಿನ ಟ್ರೈಲರ್‌ಗೆ ಅದು ಶೇಕಡಾ ಏಳೂವರೆ. ಹತ್ತಕ್ಕಿಂತ ಕೆಳಗೆ ಹೋಗಲೇಬಾರದು, 12-13 ಇರಬೇಕು. ಜೊತೆಗೆ ಎರಡು ತುದಿಯಲ್ಲೂ ಭಾರ ಇದ್ದರೆ ಒಮ್ಮೆ ಶುರುವಾದ ತೂಗಾಟ ಬೇಗ ನಿಲ್ಲುವುದಿಲ್ಲ. ಭಾರದ್ದೆಲ್ಲ ನೆಲಮಟ್ಟದಲ್ಲಿ, ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇರಲಿ. ನಮ್ಮವರ ಟ್ರೈಲರಿನಲ್ಲಿ ಅಕ್ಕಿ ಮೂಟೆ, ಗ್ರೈಂಡರ್, ಕುಕ್ಕರ್ ಎಲ್ಲ ಇದ್ದೇ ಇರುತ್ತೆ. ಅವೂ ಅಲ್ಲೇ.

ಈಗ ಡೀಲರ್ ಹೇಳಿದ "11,000 ಎಳೆಯುತ್ತೆ ಸರ್" ಅನ್ನುವ ಮಾತು ಮರೆತುಬಿಡಿ. ಆ ಅಂಕಿ ಬರುವುದು ಟ್ರಕ್ಕಿನಲ್ಲಿ ತಲಾ 150 ಪೌಂಡಿನ ಇಬ್ಬರು ಕೂತು, ಟಂಗ್ ಶೇಕಡಾ ಹತ್ತು ಇದ್ದಾಗ. ಹಾಫ್-ಟನ್ನಿನಲ್ಲಿ (ಎಫ್-150 ವರ್ಗದ ಟ್ರಕ್ಕಿನಲ್ಲಿ) ಮೊದಲು ಮುಗಿಯುವುದು ಎಳೆಯುವ ಶಕ್ತಿಯಲ್ಲ, ಪೇಲೋಡ್, ಅಂದರೆ ಟ್ರಕ್ಕು ಹೊರಬಹುದಾದ ಭಾರ. ಡ್ರೈವರ್ ಬಾಗಿಲ ಕಂಬದ ಮೇಲೆ ಜನ-ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಸ್ಟಿಕ್ಕರ್ ಇದೆ. ಇಂಟರ್ನೆಟ್ಟಿನ ಪಟ್ಟಿ ಬೇಡ, ನಿಮ್ಮ ಬಾಗಿಲಿನದ್ದೇ ನೋಡಿ. ಒಂದೇ ಮಾಡಲ್, ಬೇರೆ ಟ್ರಿಮ್ ಅಂದರೆ ನಾನೂರು ಪೌಂಡ್ ವ್ಯತ್ಯಾಸ ಸಾಮಾನ್ಯ. ಸನ್‌ರೂಫು, ದೊಡ್ಡ ಚಕ್ರ, ಪವರ್ ಸೀಟು ಎಲ್ಲ ಅದರಲ್ಲೇ ಕಳೆಯುತ್ತೆ. 1,560 ಅಂತಿದ್ದರೆ: ಟ್ರೈಲರ್ ಜಿ.ವಿ.ಡಬ್ಲ್ಯೂ.ಆರ್. (ತುಂಬಿದಾಗ ಮೀರಬಾರದ ಒಟ್ಟು ತೂಕ) 7,600, ಅದರ ಶೇಕಡಾ 13 ಅಂದರೆ 988. ಹಿಚ್ (ಜೋಡಿಸುವ ಉಪಕರಣ) ತೂಕ 90. ಉಳಿದದ್ದು 482. ನೀವು, ಮನೆಯವರು, ಇಬ್ಬರು ಮಕ್ಕಳು ಹತ್ತಿದರೆ ಅದೂ ಮುಗಿಯಿತು. ಟ್ರಕ್ಕಿನ ಹಿಂದಿನ ಬೆಡ್ಡಿನಲ್ಲಿ ಜನರೇಟರ್, ಸೌದೆ, ಕೂಲರ್ ಯಾವ ಲೆಕ್ಕದಲ್ಲಿ ಹಾಕುತ್ತೀರಿ? ಬ್ರೋಷರಿನ ಹಿಚ್ ವೇಯ್ಟನ್ನೂ (ಅದು ಟಂಗ್ ವೇಯ್ಟೇ) ನಂಬಬೇಡಿ. ಅದು ಖಾಲಿ ಟ್ರೈಲರಿನದು. ಸಾಮಾನ್ಯವಾಗಿ ಬ್ಯಾಟರಿ, ಗ್ಯಾಸ್ ಎರಡೂ ಅದರಲ್ಲಿ ಸೇರಿರುವುದಿಲ್ಲ. ತುಂಬಿದ ಎರಡು 20 ಪೌಂಡಿನ ಸಿಲಿಂಡರೇ 75 ಪೌಂಡ್ ತೂಗುತ್ತೆ, ಕೂರುವುದು ನೇರ ಟಂಗ್ ಮೇಲೆ.

ಊಹೆ ಸಾಕು, ತೂಕ ಹಾಕಿಸಿ. ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ (ವಾಹನ ತೂಗುವ ತಕ್ಕಡಿ) ಇದೆ, ಪೈಲಟ್, ಲವ್ಸ್ ಎಲ್ಲಾದರೂ. ಅವರ ಆ್ಯಪ್ ಹಾಕಿಕೊಂಡರೆ ಒಳಗೆ ಹೋಗುವ ಕೆಲಸವೂ ಇಲ್ಲ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲ ತುಂಬಿ, ಟ್ರಕ್ಕಿನ ಇಂಧನ ಟ್ಯಾಂಕ್ ಫುಲ್ ಮಾಡಿ, ಮನೆಯವರೆಲ್ಲ ಕೂತೇ ಹೋಗಬೇಕು. ಮೂರು ಸಲ ತೂಗಿಸಿ. ಅದೇ ಜಾಗದಲ್ಲಿ 24 ಗಂಟೆಯೊಳಗೆ ಮತ್ತೆ ತೂಗಿಸಿದರೆ ದರವೂ ಕಡಿಮೆ. ಮುಂದಿನ ಚಕ್ರ ಮೊದಲ ಪ್ಲೇಟಿನ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೈಲರ್ ಚಕ್ರ ಮೂರನೆಯದರ ಮೇಲೆ. ಮೊದಲ ಸಲ ಹಿಚ್ಚಿನ ಸ್ಪ್ರಿಂಗ್ ಬಾರ್ (ಭಾರವನ್ನು ಮುಂದಿನ ಆಕ್ಸಲ್‌ಗೂ ಟ್ರೈಲರ್ ಆಕ್ಸಲ್‌ಗೂ ಹಂಚುವ ಸರಳು) ಬಿಗಿದು. ಎರಡನೆಯ ಸಲ ಬಾರ್ ತೆಗೆದು (ಸ್ಕೇಲ್ ಮೇಲೆ ನಿಂತು ತೆಗೆಯಬೇಡಿ, ಹಿಂದೆ ಸಾಲಿನಲ್ಲಿರುವವರು ದುಡಿಯುವ ಡ್ರೈವರ್‌ಗಳು, ಪಕ್ಕಕ್ಕೆ ಹಾಕಿಕೊಂಡು ತೆಗೆಯಿರಿ). ಮೂರನೆಯ ಸಲ ಟ್ರೈಲರ್ ಬಿಟ್ಟು ಬರೀ ಟ್ರಕ್ಕು, ಆದರೆ ಹಿಚ್ ಹೆಡ್ (ಬಾಲ್ ಕೂರಿಸಿದ ಭಾಗ) ಟ್ರಕ್ಕಿನ ಹಿಂದಿನ ರಿಸೀವರಿನಲ್ಲೇ ಇರಲಿ. ಇಲ್ಲವಾದರೆ ಅದರ ತೂಕ ಟಂಗ್ ಲೆಕ್ಕದಲ್ಲಿ ನುಸುಳುತ್ತೆ.

ಚೀಟಿ ಓದುವುದು ಹೀಗೆ, ಉದಾಹರಣೆಗೆ. ಬರೀ ಟ್ರಕ್ಕು: ಮುಂದೆ 3,260, ಹಿಂದೆ 2,820, ಒಟ್ಟು 6,080. ಬಾರ್ ಇಲ್ಲದೆ ಕಟ್ಟಿದಾಗ: ಮುಂದೆ 2,860, ಹಿಂದೆ 4,180, ಟ್ರೈಲರ್ 6,380. ಈಗ ಟ್ರಕ್ಕಿನ ಒಟ್ಟು 7,040, ಅದರಲ್ಲಿ 6,080 ಕಳೆದರೆ 960, ಅದೇ ನಿಜವಾದ ಟಂಗ್ ವೇಯ್ಟ್. ಟ್ರೈಲರಿನ ಪೂರ್ತಿ ತೂಕ 6,380 ಕೂಡಿಸು 960, ಅಂದರೆ 7,340. ಶೇಕಡಾ 13, ಸರಿಯಾಗಿದೆ. ಆದರೆ ಮುಂದಿನ ಆಕ್ಸಲ್ ನೋಡಿ, 400 ಪೌಂಡ್ ಕಳೆದುಕೊಂಡಿದೆ. ಬಾಲಿನ ಮೇಲಿನ ಭಾರ ಏತದ ಹಾಗೆ ಹಿಂದಿನ ಆಕ್ಸಲ್ ಮೇಲೆ ತೂಗಿ ಮುಂಭಾಗವನ್ನು ಎತ್ತುತ್ತೆ. ಸ್ಟೀರಿಂಗಿನ ಕೆಲಸ, ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರದಲ್ಲಿ, ಅದೇ ಹಗುರವಾಗಿದೆ. ಸ್ಟಿಕ್ಕರಿನಲ್ಲಿ ಹಿಂದಿನ ಆಕ್ಸಲ್ ಮಿತಿ 4,050 ಇದ್ದರೆ ಅದನ್ನೂ ಮೀರಿದ್ದೀರಿ. ಬಾರ್ ಬಿಗಿದಾಗ: ಮುಂದೆ 3,060, ಹಿಂದೆ 3,880, ಟ್ರೈಲರ್ 6,480. ಮುಂದೆ ಕಳೆದ 400ರಲ್ಲಿ 200 ವಾಪಸ್ ಬಂತು, ನೂರು ಟ್ರೈಲರ್ ಆಕ್ಸಲ್‌ಗೆ ಹೋಯಿತು, ಟ್ರಕ್ಕು 6,940ಕ್ಕೆ ಇಳಿಯಿತು. ಜಿ.ವಿ.ಡಬ್ಲ್ಯೂ.ಆರ್. 7,050 ಆದರೆ ಉಳಿದಿರುವುದು 110 ಪೌಂಡ್ ಮಾತ್ರ. ಇಷ್ಟು ಬಿಗಿಯಾಗಿದ್ದರೆ ಬೆಡ್ಡಿನಲ್ಲಿ ಸೌದೆ ಹೊರಬೇಡಿ, ಕ್ಯಾಂಪ್‌ಗ್ರೌಂಡಿನಲ್ಲೇ ಕೊಳ್ಳಿ.

ಎಷ್ಟು ವಾಪಸ್ ತರಬೇಕು ಅಂತ ನಿಮ್ಮ ಮ್ಯಾನುವಲ್ ಹೇಳುತ್ತೆ. ಅನೇಕ ಟ್ರಕ್ಕುಗಳಿಗೆ ಅರ್ಧ ಸಾಕು. ಪೂರ್ತಿ ತರುತ್ತೇನೆ ಅಂತ ಮ್ಯಾನುವಲ್ ಮೀರಿ ಬಿಗಿದರೆ ಹಿಂದಿನ ಚಕ್ರ ಹಗುರವಾಗಿ ಮಳೆಯಲ್ಲಿ ಜಾರುತ್ತೆ. ಪ್ರತಿ ಸಲ ಸ್ಕೇಲಿಗೆ ಹೋಗಲು ಆಗದಿದ್ದರೆ ಟೇಪಿನಲ್ಲಿ ಮುಂದಿನ ಚಕ್ರದ ಫೆಂಡರ್ ಎತ್ತರ ಅಳೆಯಿರಿ: ಬರೀ ಟ್ರಕ್ಕು 38 ಇಂಚು, ಬಾರ್ ಇಲ್ಲದೆ 39¼ ಅಂದರೆ ಗುರಿ 38⅝. ಸಮತಟ್ಟು ನೆಲ, ಮೂರೂ ಸಲ ಅದೇ ಜಾಗ.

ಹಿಚ್ ವಿಷಯದಲ್ಲಿ: ಡೀಲರ್ ಟ್ರೈಲರ್ ಜೊತೆ ಕೊಟ್ಟ ರೌಂಡ್ ಬಾರ್, ಪಕ್ಕಕ್ಕೆ ತೂಗಾಟ ತಡೆಯುವ ಒಂದೇ ಫ್ರಿಕ್ಷನ್ ಬಾರ್, ಇದು 28 ಅಡಿಗೆ ಸಾಲದು. ರಿವರ್ಸ್ ತೆಗೆಯುವ ಮುಂಚೆ ಆ ಫ್ರಿಕ್ಷನ್ ಬಾರ್ ಬಿಚ್ಚಬೇಕು, ಮರೆತರೆ ಬಗ್ಗುತ್ತೆ. ಹಿಚ್‌ಗಳಲ್ಲಿ ಈಕ್ವಲೈಜರ್ ನಾಲ್ಕು ಪಾಯಿಂಟಿನದು ಅಥವಾ ಬ್ಲೂ ಆಕ್ಸ್ ಸ್ವೇಪ್ರೊ, ಎರಡರಲ್ಲಿ ಯಾವುದಾದರೂ ಸರಿ. ಈಕ್ವಲೈಜರ್ ಕಿರ್ ಅನ್ನುತ್ತೆ, ಆದರೆ ಹಾಳಾಗುವ ಭಾಗ ಕಡಿಮೆ, ನನ್ನ ಮತ ಅದಕ್ಕೇ. 960 ಟಂಗಿಗೆ 1,000/10,000 (ಟಂಗ್ ಮಿತಿ/ಟ್ರೈಲರ್ ಮಿತಿ) ಬಾರ್ ಅಂಚಿಗೆ ಬಂತು, 1,200/12,000 ತೆಗೆದುಕೊಳ್ಳಿ. ಮೂತಿ ಇನ್ನೂ ಎದ್ದಿದ್ದರೆ ಹೆಡ್‌ನಲ್ಲಿ ಒಂದೊಂದೇ ವಾಷರ್ ಸೇರಿಸಿ ನೋಡಿ. ಹೆಡ್ ಹಿಂದಕ್ಕೆ ವಾಲಿದಷ್ಟೂ ಬಾರಿನ ಮೇಲೆ ಒತ್ತಡ ಜಾಸ್ತಿ. ಬಾರ್ ಹಾಕುವಾಗ ಮೈಬಲ ಉಪಯೋಗಿಸಬೇಡಿ: ಕಪ್ಲರ್ (ಬಾಲ್ ಹಿಡಿಯುವ ಟ್ರೈಲರ್ ತುದಿ) ಲಾಕ್ ಮಾಡಿ, ಟಂಗ್ ಜಾಕಿನಿಂದ ಟ್ರಕ್ಕಿನ ಹಿಂಭಾಗ ಸಮೇತ ಎತ್ತಿ, ಆಗ ಬಾರ್ ಸಲೀಸಾಗಿ ಕೂರುತ್ತೆ. ಕಪ್ಲರ್ ನಿಜವಾಗಿ ಬಾಲ್ ಹಿಡಿದಿದೆಯೋ ಇಲ್ಲವೋ ಅನ್ನುವುದೂ ಇದರಲ್ಲೇ ಗೊತ್ತಾಗುತ್ತೆ. ಟ್ರಕ್ಕು ಏಳದೆ ಕಪ್ಲರ್ ಮಾತ್ರ ಎದ್ದರೆ ಲ್ಯಾಚ್ ಬಾಲಿನ ಮೇಲೆ ಸುಮ್ಮನೆ ಕೂತಿದೆ ಅಂತ ಅರ್ಥ.

ಏರ್ ಬ್ಯಾಗ್ ಹಿಂಭಾಗ ಎತ್ತುತ್ತೆ, ಅಷ್ಟೇ. ಮುಂದಿನ ಆಕ್ಸಲ್‌ಗೆ ಕಳೆದುಹೋದ 400 ಪೌಂಡ್ ತಂದುಕೊಡುವುದಿಲ್ಲ, ಪೇಲೋಡೂ ಹೆಚ್ಚುವುದಿಲ್ಲ. ಬೇಕೇ ಬೇಕು ಅಂದರೆ ಹಿಚ್ ಸೆಟ್ ಆದ ಮೇಲೆ, ಕಡಿಮೆ ಗಾಳಿಯಲ್ಲಿ.

ಟೈರ್. ಟ್ರಕ್ಕಿನಲ್ಲಿ ಪಿ-ಮೆಟ್ರಿಕ್ (ಕಾರಿನ ಬಗೆಯ) ಟೈರ್ ಇದ್ದರೆ ಪಕ್ಕದ ಗೋಡೆ ಮೆತ್ತಗೆ, ಸ್ವೇ (ತೂಗಾಟ) ಅನಿಸುವುದರಲ್ಲಿ ಅದರ ಪಾಲೂ ಇರುತ್ತೆ. ಮುಂದಿನ ಸಲ ಎಲ್.ಟಿ. (ಲೈಟ್ ಟ್ರಕ್) ಟೈರ್ ಹಾಕಿ. ಟ್ರೈಲರಿನ ಎಸ್.ಟಿ. (ಟ್ರೈಲರಿಗೆಂದೇ ಮಾಡಿದ) ಟೈರಿಗೆ ಬೆಳಿಗ್ಗೆ ತಣ್ಣಗಿದ್ದಾಗ ಸೈಡ್‌ವಾಲಿನಲ್ಲಿ ಬರೆದಷ್ಟು ಗಾಳಿ, ಲೋಡ್ ರೇಂಜ್ (ಹೊರುವ ಶಕ್ತಿಯ ದರ್ಜೆ) ಡಿ ಆದರೆ ಸಾಮಾನ್ಯವಾಗಿ 65 ಪಿ.ಎಸ್.ಐ., ಇ ಆದರೆ 80. ಬೇರೆ ವೇಗದ ಗುರುತು ಇಲ್ಲದ ಎಸ್.ಟಿ. ಟೈರುಗಳ ಮಿತಿಯೇ 65 ಮೈಲಿ ವೇಗ, ಡಾಲಸ್ ಬಿಸಿಲಿನಲ್ಲಿ 75 ಓಡಿಸಿ ಟೈರ್ ಸಿಡಿಯಿತು ಅಂದರೆ ಟೈರಿನದೇನು ತಪ್ಪು? ಸ್ಟಾಕ್ ಟೈರ್ ಬದಲಿಸುವುದಾದರೆ ಗುಡ್‌ಇಯರ್ ಎಂಡ್ಯೂರೆನ್ಸ್ ಒಳ್ಳೆಯದು. ಚಕ್ರ ಬಿಚ್ಚಿ ಹಾಕಿದರೆ 10, 25, 50 ಮೈಲಿಗೆ ನಿಲ್ಲಿಸಿ ಲಗ್ ನಟ್ ಟಾರ್ಕ್ ನೋಡಿ.

ಬ್ರೇಕ್ ಕಂಟ್ರೋಲರ್ (ಡ್ರೈವರ್ ಸೀಟಿನಿಂದ ಟ್ರೈಲರ್ ಬ್ರೇಕ್ ಹಿಡಿಸುವ ಸಾಧನ) ಗೇನ್, ಅಂದರೆ ಬ್ರೇಕ್ ಬಲ: ಖಾಲಿ ಸಮತಟ್ಟು ರಸ್ತೆಯಲ್ಲಿ 25 ಮೈಲಿ ವೇಗದಲ್ಲಿ ಕೈ ಲಿವರ್ ಪೂರ್ತಿ ಒತ್ತಿ. ಚಕ್ರ ಲಾಕ್ ಆಗುವವರೆಗೆ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ಆ ಲಿವರ್ ಎಲ್ಲಿದೆ ಅಂತ ನೋಡದೆ ಕೈಗೆ ಸಿಗುವಷ್ಟು ಅಭ್ಯಾಸ ಮಾಡಿ, ಮನೆಯವರು ಓಡಿಸುತ್ತಾರಾದರೆ ಅವರಿಗೂ. ಸ್ವೇ ಶುರುವಾದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಿ ಸರಿಮಾಡಲು ಹೋಗಬೇಡಿ. ಗ್ಯಾಸ್ ಪೆಡಲಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಲಿವರ್ ಒತ್ತಿ. ಟ್ರೈಲರ್ ಬ್ರೇಕ್ ಮಾತ್ರ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ಸಾಲಿಗೆ ಬರುತ್ತೆ. ಬ್ರೇಕ್‌ಅವೇ ಕೇಬಲನ್ನು (ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ಹಿಡಿಸುವ ತಂತಿಯನ್ನು) ಸೇಫ್ಟಿ ಚೈನಿಗೆ ಸಿಕ್ಕಿಸಬೇಡಿ, ಟ್ರಕ್ಕಿಗೇ ಬೇರೆಯಾಗಿ ಕಟ್ಟಿ.

ನೀರಿನ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ. 40 ಗ್ಯಾಲನ್ ಅಂದರೆ 330 ಪೌಂಡ್. ಟ್ಯಾಂಕ್ ಆಕ್ಸಲ್ ಹಿಂದಿದ್ದರೆ ತುಂಬಿ ಹೋಗಬೇಡಿ, ತಲುಪಿದ ಮೇಲೆ ತುಂಬಿ.

ಯೆಲ್ಲೋಸ್ಟೋನಿಗೆ ಅಂದಿದ್ದೀರಲ್ಲ, ದಾರಿಯಲ್ಲಿ ನ್ಯೂ ಮೆಕ್ಸಿಕೋ-ಕೊಲರಾಡೋ ಗಡಿಯ ರಟೋನ್ ಪಾಸ್ (ಘಟ್ಟದ ದಾರಿ) 7,834 ಅಡಿ ಎತ್ತರ. ಇಳಿಜಾರು ಶುರುವಾಗುವ ಮೊದಲೇ ಟೋ/ಹಾಲ್ (ಭಾರ ಎಳೆಯುವಾಗಿನ ಮೋಡ್) ಹಾಕಿ ಗೇರ್ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಗಟ್ಟಿಯಾಗಿ ಒತ್ತಿ ವೇಗ 10 ಮೈಲಿ ಇಳಿಸಿ, ಬಿಟ್ಟು, ತಣ್ಣಗಾಗಲು ಸಮಯ ಕೊಡಿ. ಆಮೇಲೆ ವಯೋಮಿಂಗಿನ ಐ-80, ಲ್ಯಾರಮಿಯಿಂದ ರಾಲಿನ್ಸ್ ವರೆಗೆ ಗಾಳಿ ಜೋರು. ಎತ್ತರದ ಹಗುರ ವಾಹನಗಳಿಗೆ ರಸ್ತೆ ಮುಚ್ಚಿದ್ದಾರೆ ಅಂತ ಬೋರ್ಡ್ ಬಂದರೆ ಅದು ನಿಮಗೇ ಹೇಳಿದ್ದು. ಬೋರ್ಡ್ ಇಲ್ಲದಿದ್ದರೂ ಗಾಳಿ 30 ಮೈಲಿ ದಾಟಿದರೆ ಲ್ಯಾರಮಿಯಲ್ಲೇ ರಾತ್ರಿ ಉಳಿದು, ಬೆಳಗಿನ ಜಾವ ಗಾಳಿ ಇಳಿದಿರುವಾಗ ಹೊರಡಿ.