ಹುಡುಕಿದವರೆಲ್ಲ ಜ್ವರದವರಲ್ಲ

ಪ್ರಿಯ ಲೇಖಕಿಯವರೇ,

ನೀವು ಕಳುಹಿಸಿದ ‘ವೈದ್ಯರಿಗಿಂತ ಮೊದಲೇ ಬಲ್ಲ ಗೂಗಲ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೂ ಮೂರನೆಯ ಪುಟದ ಒಂದು ಪ್ಯಾರಾ ನನ್ನನ್ನು ಬಿಡಲಿಲ್ಲ. ಈ ಪತ್ರ ಇಷ್ಟು ಉದ್ದವಾಗಿರುವುದು ಅದರಿಂದಲೇ.

ನಿಮ್ಮ ಕಥೆ 2008ರ ನವೆಂಬರ್‌ನಲ್ಲಿ ಶುರುವಾಗಿ ಅಲ್ಲಿಯೇ ನಿಂತುಬಿಟ್ಟಿದೆ. ಜನರ ಹುಡುಕಾಟಗಳನ್ನು ನೋಡಿ ಫ್ಲೂ ಜ್ವರ ಎಷ್ಟು ಹರಡಿದೆ ಎಂದು ಅಂದಾಜಿಸುವ ಗೂಗಲ್ ಫ್ಲೂ ಟ್ರೆಂಡ್ಸ್ ತಾಣ ಅಮೆರಿಕದಲ್ಲಿ ಆರಂಭವಾದದ್ದು, ಜನ ಹೆಚ್ಚಾಗಿ ಹುಡುಕುವ ಐದು ಕೋಟಿ ಪದಗುಚ್ಛಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಹಳೆಯ ಅಂಕಿಗಳೊಡನೆ ತಾಳೆ ನೋಡಿ 45ನ್ನು ಆರಿಸಿದ್ದು, ಸಿಡಿಸಿ ವರದಿಗೆ ಒಂದೆರಡು ವಾರ ಹಿಡಿಯುವಾಗ ಇದು ಒಂದೇ ದಿನದಲ್ಲಿ ಅಂದಾಜು ಕೊಟ್ಟದ್ದು, ಎಲ್ಲವೂ ಸರಿಯಾಗಿದೆ. ಆದರೆ ಮುಂದಿನ ಸಾಲಿನಲ್ಲೇ ‘ಇನ್ನು ಯಾವ ಸಾಂಕ್ರಾಮಿಕವೂ ನಮ್ಮ ಕಣ್ಣು ತಪ್ಪಿಸಲಾರದು’ ಎಂದು ಬರೆದಿದ್ದೀರಿ. ಆ ತಾಣವನ್ನು 2015ರಲ್ಲಿ ಮುಚ್ಚಲಾಯಿತು. ಇದು ನಿಮಗೆ ತಿಳಿದಿರದಿದ್ದರೆ ಓದು ಸಾಲದು. ತಿಳಿದೂ ಬಿಟ್ಟಿದ್ದರೆ ಓದುಗರಿಗೆ ಅನ್ಯಾಯ ಮಾಡಿದ್ದೀರಿ.

ನೀವು ಹಾರಿಬಿಟ್ಟ ಏಳು ವರ್ಷಗಳಲ್ಲೇ ಕಥೆಯ ತಿರುಳಿದೆ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಬಂದಾಗ, ಚಳಿಗಾಲದ ಜ್ವರವನ್ನು ನೋಡಿ ಕಲಿತಿದ್ದ ಈ ಲೆಕ್ಕ ಅಕಾಲದಲ್ಲಿ ಬಂದ ಮೊದಲ ಅಲೆಯನ್ನು ತೀರಾ ಕಡಿಮೆ ಅಂದಾಜು ಮಾಡಿತು. 2012–13ರ ಚಳಿಗಾಲದಲ್ಲಿ ಆದದ್ದು ತದ್ವಿರುದ್ಧ: ಅದು ತೋರಿಸಿದ ಏರಿಕೆ ಸಿಡಿಸಿ ಲೆಕ್ಕದ ಸುಮಾರು ಎರಡರಷ್ಟಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಂಶೋಧಕ ಡೇವಿಡ್ ಲೇಜರ್ ಮತ್ತು ಸಂಗಡಿಗರು ಇದನ್ನು ವಾರವಾರವಾಗಿ ಬಿಡಿಸಿಟ್ಟರು. 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಅಂದಾಜು ಅತಿಯಾಗಿತ್ತು. ಸಿಡಿಸಿಯ ಹಳೆಯ ಅಂಕಿಯನ್ನೇ ಮುಂದಕ್ಕೆ ಎಳೆದಿದ್ದರೂ ಇದಕ್ಕಿಂತ ಚೆನ್ನಾಗಿ ಊಹಿಸಬಹುದಿತ್ತು ಎಂದೂ, ಎರಡನ್ನೂ ಕೂಡಿಸಿದರೆ ಫಲಿತಾಂಶ ಇನ್ನೂ ಉತ್ತಮವೆಂದೂ ಅವರು ತೋರಿಸಿದರು. ‘ವೈದ್ಯರಿಗಿಂತ ಮೊದಲೇ’ ಎಂಬ ನಿಮ್ಮ ಶೀರ್ಷಿಕೆ ಬೀಳುವುದು ಇಲ್ಲಿ. ವೈದ್ಯರು ಎಣಿಸಿ ಕೊಟ್ಟ ಅಂಕಿ ಇಲ್ಲದಿದ್ದರೆ ಆ 45 ಪದಗುಚ್ಛಗಳನ್ನು ಆರಿಸಲು ಆಧಾರವೇ ಇರುತ್ತಿರಲಿಲ್ಲ.

ಈ ಲೆಕ್ಕವನ್ನು ಮೊದಲು ವಿವರಿಸಿದ ಗೂಗಲ್ ತಂಡದ ಮೂಲ ಪ್ರಬಂಧದಲ್ಲೇ ಒಂದು ಸೊಗಸಾದ ವಿವರವಿದೆ, ನೀವು ಅದನ್ನು ಬಳಸಬೇಕಿತ್ತು. ಜ್ವರದ ಜೊತೆ ಹೊಂದಿಕೊಂಡು ಏರಿಳಿದ ಹುಡುಕಾಟಗಳ ಪಟ್ಟಿಯಲ್ಲಿ ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ಕೂಡ ಇತ್ತು! ಅಲ್ಲಿ ಆ ಪಂದ್ಯಗಳೂ ಫ್ಲೂ ಕಾಲದಲ್ಲೇ ನಡೆಯುತ್ತವೆ, ಅಷ್ಟೇ. ಚೆಂಡನ್ನು ಗುರುತಿಸಿ ಹೊರಗಿಡುವುದು ಸುಲಭ. ಭಯವನ್ನು ಹೊರಗಿಡುವುದು ಹೇಗೆ?

ನಾನು ಮೆಚ್ಚಿದ ಪ್ಯಾರಾ ಇದೇ ಪ್ರಶ್ನೆಯ ಬಾಗಿಲಲ್ಲಿ ನಿಂತಿದೆ. ಎದುರುಮನೆಯ ಹುಡುಗನಿಗೆ ಡೆಂಗಿ ಎಂದು ಗೊತ್ತಾದ ರಾತ್ರಿ ನಿಮ್ಮ ತಾಯಿ ಮೊಬೈಲ್ ಹಿಡಿದು ‘ಡೆಂಗಿ ಜ್ವರವು ಬಂದರೆ ಮೊದಲು ಏನಾಗುತ್ತದೆ’ ಎಂದು ಮೂರು ಸಲ ಕೇಳಿದರು ಎಂದು ಬರೆದಿದ್ದೀರಿ. ಅವರಿಗೆ ಜ್ವರವಿರಲಿಲ್ಲ. ಜ್ವರವಿದ್ದ ಹುಡುಗ ಏನನ್ನೂ ಹುಡುಕದೆ ಮಲಗಿದ್ದ. ಯಂತ್ರದ ಲೆಕ್ಕಕ್ಕೆ ಸೇರಿದ್ದು ನಿಮ್ಮ ತಾಯಿ, ಕಾಯಿಲೆ ಬಿದ್ದದ್ದು ಅವನು. ಟಿವಿಯಲ್ಲಿ ಒಂದು ಸುದ್ದಿ ಬಂದರೆ ಸಾವಿರಾರು ಮನೆಗಳಲ್ಲಿ ಇದೇ ನಡೆಯುತ್ತದೆ. ಇಂಥದ್ದನ್ನು ಕಣ್ಣಾರೆ ಕಂಡೂ ಎರಡು ಸಾಲಿನಲ್ಲಿ ಮುಗಿಸಿ ‘ಬಿಗ್ ಡೇಟಾದ ಮಹತ್ವ’ಕ್ಕೆ ಓಡಿದ್ದೀರಲ್ಲ, ನನಗೆ ನಿಜಕ್ಕೂ ಬೇಸರವಾಯಿತು. 2011ರಲ್ಲಿ ಗೂಗಲ್ ಡೆಂಗಿಗೂ ಇಂಥದೇ ಸೇವೆ ತಂದಾಗ ಆರಂಭದ ಐದು ದೇಶಗಳಲ್ಲಿ ಭಾರತವೂ ಒಂದು. ನಿಮ್ಮ ಮನೆಯ ಕಥೆ ಅದಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ.

ಇನ್ನೊಂದು ಮಾತು. ನಾನು ಮಲೆನಾಡಿನವನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಸುಳಿವು ಇವತ್ತಿಗೂ ಸಿಗುವುದು ಕಾಡಿನಲ್ಲಿ ಸತ್ತು ಬಿದ್ದ ಮಂಗದಿಂದ. ದರಗೆಲೆ ತರಲು, ಸೌದೆಗೆ ಹೋದವರು ಅದನ್ನು ಕಂಡು ಬಂದು ಹೇಳಬೇಕು, ಆರೋಗ್ಯ ಸಿಬ್ಬಂದಿ ಕಾಡು ಹೊಕ್ಕು ಕಾಯಿಲೆ ಹರಡುವ ಉಣುಗುಗಳನ್ನು ಹಿಡಿದು ಪರೀಕ್ಷೆಗೆ ಕಳುಹಿಸಬೇಕು. ಯಾರೂ ಏನನ್ನೂ ಹುಡುಕುವ ಮೊದಲೇ ಅಲ್ಲಿ ಸುದ್ದಿ ಹೊರಟಿರುತ್ತದೆ. ‘ಹಳ್ಳಿಗಳಿಗೆ ಇಂಟರ್ನೆಟ್ ಬಂದರೆ ಸಮಸ್ಯೆ ತೀರಿತು’ ಎಂಬ ನಿಮ್ಮ ಕೊನೆಯ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ.

ತಿದ್ದಿದ ಪ್ರತಿ ಇನ್ನು ಮೂರು ವಾರದಲ್ಲಿ ಬರಲಿ, 1,200 ಪದ ಮೀರದಿರಲಿ. ಆ ರಾತ್ರಿಯಿಂದಲೇ ಶುರುಮಾಡಿ. ತಾಯಿಯ ಪ್ರಶ್ನೆಯನ್ನು ನೀವು ಪುಸ್ತಕದ ಭಾಷೆಗೆ ತಿದ್ದಿರುವಂತೆ ಕಾಣುತ್ತದೆ. ಅವರನ್ನೇ ಕೇಳಿ, ಅಂದು ಆಡಿದ ಮಾತನ್ನೇ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ